ತಂಗಿಯ ಫಟಫಟಿ

ನನ್ನ ತಂಗಿ ಕಾಶವ್ವ ಫಟಫಟಿ ಏರಿಕೊಂಡು ಮೊದಲ ಸಲ ನಮ್ಮ ಓಣಿಗೆ ಬಂದಾಗ ನಾನು ಅಂಗಳದಲ್ಲಿ ಶಾವಿಗೆ ಒಣಹಾಕುತ್ತಿದ್ದೆ. ಅದನ್ನು ಫಟಫಟಿ ಅನ್ನುವುದೂ ಹೆಚ್ಚೇ. ಅವಳ ಹಳೆಯ ಲೇಡೀಸ್ ಸೈಕಲ್ಲೇ ಅದು. ಬೆಳೆಗೆ ಔಷಧ ಹೊಡೆಯುವ ಪಂಪಿನ ಪುಟ್ಟ ಎಂಜಿನ್ನನ್ನು ಸೈಕಲ್ ರಿಪೇರಿಯ ದಾವಲಸಾಬ ಅದರ ಪೆಡಲಿನ ಹತ್ತಿರ ಬಿಗಿದಿದ್ದ. ಹ್ಯಾಂಡಲ್ಲಿಗೆ ಪೆಟ್ರೋಲಿನ ಡಬ್ಬಿ ತೂಗುಹಾಕಿದ್ದ. ಅದರ ಸದ್ದಿಗೆ ನಮ್ಮ ಕೋಳಿಗಳೆಲ್ಲ ಶಾವಿಗೆ ತುಳಿದುಕೊಂಡು ಚೆಲ್ಲಾಪಿಲ್ಲಿಯಾದವು. ಕಾಶವ್ವ ಒಂದು ಕಾಲು ನೆಲಕ್ಕೆ ಊರಿ, ಸೆರಗನ್ನು ಸೊಂಟಕ್ಕೆ ಬಿಗಿದು ನಗುತ್ತ ನಿಂತಳು.

“ಅಕ್ಕಾ, ಹತ್ತು ಹಿಂದ. ಊರೆಲ್ಲ ಒಂದು ಸುತ್ತು ಹೊಡದು ಬರೂಣು.”

“ಲೈಸೆನ್ಸ್ ಐತೇನು?” ಎಂದೆ.

“ಪೆಡಲ್ ಐತಿ,” ಎಂದಳು.

ನಾನು ಹತ್ತಲಿಲ್ಲ. ಅವಳು ಹೋದ ಮೇಲೆ ಮಣ್ಣು ಹತ್ತಿದ ಶಾವಿಗೆ ಆರಿಸುತ್ತ ಕೂತೆ. ಕೈಗೆ ಸಿಕ್ಕ ಹರಳನ್ನು ಕೋಳಿಗಳತ್ತ ಬೀಸಿದೆ. ಕೋಳಿಗಳ ಮೇಲಿನ ಸಿಟ್ಟು ಅಂದುಕೊಂಡೆ.

ನಮ್ಮೂರಿನಲ್ಲಿ ಎರಡು ಮನೆಗಳ ನಡುವೆ ಮನಸ್ಸು ಕೆಟ್ಟರೆ ನಡುವಿನ ದಾರಿ ಬೆಳೆಯುತ್ತದೆ. ಆ ಮನೆಯಿಂದ ಈ ಮನೆಗೆ ಹೊರಟವರಿಗೆ ಮಾತ್ರ. ಎದುರುಬದುರಿನ ಮನೆಯ ಅಣ್ಣತಮ್ಮಂದಿರು ಆಸ್ತಿಗಾಗಿ ಕೋರ್ಟಿಗೆ ಹೋದ ಮೇಲೆ, ಅಣ್ಣನ ಮನೆಯಿಂದ ತಮ್ಮನ ಮನೆಗೆ ಹೋಗುವವರು ರೊಟ್ಟಿಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ನಡುದಾರಿಯಲ್ಲಿ ಯಾರೋ ಪುಣ್ಯಾತ್ಮ ಚಹಾದಂಗಡಿಯನ್ನೂ ಹಾಕಿದ್ದಾನೆ, ಚೆನ್ನಾಗಿಯೇ ನಡೆದಿದೆ. ಅತ್ತೆ ಸೊಸೆಗೆ ಆಗಿಬರದ ಮನೆಗಳಲ್ಲಿ ಅಡುಗೆಮನೆಯಿಂದ ಪಡಸಾಲೆಗೆ ತರುವುದರೊಳಗೆ ರೊಟ್ಟಿ ಆರಿಹೋಗುತ್ತದೆ. ಹೆಣ್ಣು ನೋಡಲು ಬಂದವರು ಮೊದಲು ಹಿತ್ತಲ ತನಕ ನಡೆದು ನೋಡಿಯೇ ಮಾತು ಮುಂದುವರಿಸುವುದು ನಮ್ಮಲ್ಲಿ ರೂಢಿ.

ಮೋಟಾರು ಗಾಡಿಯ ಲೈಸೆನ್ಸು ಕೊಡುವುದೂ ಇದನ್ನು ನೋಡಿಯೇ. ಲೈಸೆನ್ಸಿನ ಕಚೇರಿಯ ಸಾಹೇಬರು ಅರ್ಜಿ ಹಾಕಿದವರ ಹೊಸ್ತಿಲಿನಿಂದ ಹೊರಟು ನೆರೆಹೊರೆಯ ಮನೆಗಳಿಗೂ ನೆಂಟರ ಮನೆಗಳಿಗೂ ನಡೆಯುತ್ತಾರೆ. ದಾರಿಗಳು ಗಿಡ್ಡ ಇದ್ದರೆ ಲೈಸೆನ್ಸು. ಜಗಳಗಂಟರ ಕೈಗೆ ಮೋಟಾರು ಸಿಕ್ಕಬಾರದು ಎಂಬುದು ಹಿಂದಿನವರ ವಿಚಾರ. ಹೀಗಾಗಿ ಯಾರಿಗೆ ಗಾಡಿಯ ಅಗತ್ಯವೇ ಇಲ್ಲವೋ ಅವರಿಗೆ ಮಾತ್ರ ಲೈಸೆನ್ಸು ಸಿಗುತ್ತಿತ್ತು.

ನನಗೆ ಸಿಕ್ಕಿತ್ತು. ನಮ್ಮ ಓಣಿಯ ಹೆಂಗಸರಲ್ಲಿ ನನಗೊಬ್ಬಳಿಗೇ. ಅದು ಸುಮ್ಮನೆ ಬಂದದ್ದಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಬಂದವರೆದುರಿಗೆಲ್ಲ ನನ್ನ ಕಪ್ಪು ಬಣ್ಣ ಆಡಿಕೊಂಡಾಗ ತಲೆ ತಗ್ಗಿಸಿ ಪಾತ್ರೆ ತಿಕ್ಕಿದ್ದೇನೆ. ಪಕ್ಕದ ಮನೆಯವರು ಗೋಡೆ ಕಟ್ಟುವಾಗ ನಮ್ಮ ಜಾಗಕ್ಕೆ ನುಗ್ಗಿದಾಗ “ಇರಲಿ ಬಿಡ್ರಿ” ಎಂದಿದ್ದೇನೆ. ಮೂಲೆಮನೆಯ ಶಂಕ್ರವ್ವ ನನ್ನ ತವರಿನ ಹಿತ್ತಾಳೆ ಕೊಪ್ಪರಿಗೆಯನ್ನು ಒಯ್ದು ತಗ್ಗು ಬೀಳಿಸಿ ತಂದಿಟ್ಟಾಗ ಅವಳಿಗೆ ಚಹಾ ಮಾಡಿ ಕೊಟ್ಟಿದ್ದೇನೆ. ಬರೀ ಬಾಯಿ ಮುಚ್ಚಿದರೆ ದಾರಿ ಗಿಡ್ಡವಾಗುವುದಿಲ್ಲ, ಮನಸ್ಸಿನಿಂದಲೂ ನುಂಗಬೇಕು. ನುಂಗಿದ್ದೆ. ಸಾಹೇಬರು ನಮ್ಮ ಹೊಸ್ತಿಲಿನಿಂದ ಹೊರಟವರು ಒಲೆಯ ಮೇಲಿನ ಚಹಾ ಕುದಿಯುವುದರೊಳಗೆ ಎಲ್ಲ ಮನೆ ಮುಟ್ಟಿ ಬಂದರು. ನನ್ನ ಅವ್ವ ಊರಿಗೆಲ್ಲ ಸಕ್ಕರೆ ಹಂಚಿದಳು. ಲೈಸೆನ್ಸಿಗೆ ಗಾಜಿನ ಕಟ್ಟು ಹಾಕಿಸಿ ದೇವರ ಜಗಲಿಯ ಮೇಲೆ ಇಟ್ಟೆವು. ಗಾಡಿ ಮಾತ್ರ ಬರಲಿಲ್ಲ. ನನ್ನ ಗಂಡ ಮಡಿವಾಳಪ್ಪ ಹಿಟ್ಟಿನ ಗಿರಣಿ ನಡೆಸುತ್ತಾನೆ. ಗಿರಣಿಗೆ ಹೊಸ ಬೆಲ್ಟು ಹಾಕಿಸಿದ ಮೇಲೆ ನೋಡೋಣ ಎಂದ. ಬೆಲ್ಟು ಹರಿಯುತ್ತಲೇ ಇತ್ತು.

ಕಾಶವ್ವನದು ಬೇರೆ ಜಾತಕ. ಅವಳಿಗೆ ಅನ್ನಿಸಿದ್ದು ನಾಲಿಗೆಯ ಮೇಲೆ ಬಂದೇ ತೀರಬೇಕು. ಮಾಸ್ತರರಿಗೆ ಅವರ ತರಗತಿಗೇ ಹೋಗಿ “ನಿದ್ದಿ ಮಾಡಾಕ ಮನಿ ಇಲ್ಲೇನ್ರಿ?” ಎಂದವಳು. ಶಂಕ್ರವ್ವನ ಕೊಪ್ಪರಿಗೆಯ ಸುದ್ದಿ ಕೇಳಿ, ನಾನು ಬೇಡವೆಂದರೂ ಅವಳ ಮನೆಯ ಮುಂದೆ ನಿಂತು ಕೂಗಾಡಿ ಬಂದವಳು. ಅವಳ ಹೊಸ್ತಿಲಿನಿಂದ ಊರಿನ ಯಾವ ಮನೆಗೆ ಹೊರಟರೂ ದಾರಿ ಮುಗಿಯುತ್ತಿರಲಿಲ್ಲ. ನನ್ನ ಮನೆಯೊಂದೇ ಹತ್ತಿರ. ನಮ್ಮಿಬ್ಬರ ಹಿತ್ತಲಿನ ನಡುವೆ ಒಂದು ಸೇದುವ ಬಾವಿ, ಅಷ್ಟೇ.

ನಾವಿಬ್ಬರೂ ಸೋಬಾನೆ ಹಾಡುವವರು. ಮದುಮಕ್ಕಳಿಗೆ ನೀರೆರೆಯುವ ಸುರಗಿ, ಸೀಮಂತ, ತೊಟ್ಟಿಲು ಎಲ್ಲದಕ್ಕೂ ನಮ್ಮನ್ನೇ ಕರೆಯುತ್ತಿದ್ದರು. ನಾನು ನುಡಿ ಎತ್ತಿದರೆ ಅವಳು ಸೊಲ್ಲು ಹಿಡಿಯುತ್ತಿದ್ದಳು. ಹಾಡಿಗೆ ಹೋಗುವ ದಿನ ಅವಳು ಮೊದಲು ನನ್ನ ಮನೆಗೆ ಬರುತ್ತಿದ್ದಳು. ನನ್ನ ಹೊಸ್ತಿಲು ದಾಟಿ ನನ್ನ ಗಿಡ್ಡ ದಾರಿಯಲ್ಲಿ ನನ್ನ ಜೊತೆ ನಡೆಯುತ್ತಿದ್ದಳು. ನಾನಿಲ್ಲದಿದ್ದರೆ ಅವಳು ಎಲ್ಲಿಗೂ ಮುಟ್ಟುವಂತಿರಲಿಲ್ಲ. ಅದು ನನಗೆ ಹಿತವಾಗಿತ್ತು.

ಅವಳೂ ಲೈಸೆನ್ಸಿಗೆ ಅರ್ಜಿ ಹಾಕಿದ್ದಳು. ಬೆಳಿಗ್ಗೆ ಅವಳ ಮನೆಯಿಂದ ಮಾಸ್ತರರ ಮನೆಗೆ ಹೊರಟ ಸಾಹೇಬರು ಹೊತ್ತು ಇಳಿಯುವಾಗ ಎತ್ತಿನ ಗಾಡಿಯಲ್ಲಿ ಮಲಗಿಕೊಂಡು ಬಂದರು. ಮರುದಿನವೇ ಕಾಶವ್ವ ತನ್ನ ಸೈಕಲ್ ತಳ್ಳಿಕೊಂಡು ದಾವಲಸಾಬನ ಹತ್ತಿರ ಹೋದಳು.

ಫಟಫಟಿ ಬಂದ ಮೇಲೆ ಅವಳಿಗೆ ಯಾವ ಮನೆಯೂ ದೂರವಾಗಲಿಲ್ಲ. ಜಗಳ ಇದ್ದದ್ದು ಇದ್ದೇ ಇತ್ತು, ದಾರಿ ಉದ್ದ ಇದ್ದದ್ದು ಇದ್ದೇ ಇತ್ತು, ಅವಳು ಮಾತ್ರ ಧೂಳೆಬ್ಬಿಸಿಕೊಂಡು ಹೋಗಿ ಮುಟ್ಟುತ್ತಿದ್ದಳು. ಯಾರ ಹತ್ತಿರವೂ ತಪ್ಪಾಯಿತು ಅನ್ನಲಿಲ್ಲ, ಯಾರ ಮಾತನ್ನೂ ನುಂಗಲಿಲ್ಲ. ಮಾಸ್ತರರ ಮೊಮ್ಮಗನ ತೊಟ್ಟಿಲಿಗೆ ಅವಳೇ ಹಾಡಿ ಬಂದಳಂತೆ. ಹಾಡಿ ಮುಗಿಸಿ, ಹೊರಡುವಾಗ ಇನ್ನೊಂದು ಸಲ ಬೈದೂ ಬಂದಳಂತೆ. ಇದನ್ನು ಹೇಳುತ್ತ ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ.

ನನಗೆ ನಗು ಬರಲಿಲ್ಲ. ಇಷ್ಟು ವರ್ಷ ನಾನು ನುಂಗಿದ್ದೆಲ್ಲ ಒಮ್ಮೆಲೇ ಗಂಟಲಿಗೆ ಬಂದ ಹಾಗಾಯಿತು. ಅತ್ತೆಗೆ ಆಡಬೇಕಾಗಿದ್ದ ಮಾತು ನನಗೂ ಗೊತ್ತಿತ್ತು. ಶಂಕ್ರವ್ವನಿಗೆ ಹಾಕಬೇಕಾಗಿದ್ದ ಬೈಗುಳ ನನ್ನ ಬಾಯಲ್ಲೂ ಇತ್ತು. ಊರು ಸುತ್ತಬೇಕೆಂದರೆ ಬಾಯಿ ಕಟ್ಟಬೇಕು ಎಂದು ತಿಳಿದು ನಾನು ಕಟ್ಟಿದೆ. ಇವಳು ಬಾಯನ್ನೂ ಬಿಟ್ಟಳು, ಊರನ್ನೂ ಸುತ್ತಿದಳು. ರಸ್ತೆಯಲ್ಲಿ ಅವಳ ಸದ್ದು ಕೇಳಿದರೆ ಸಾಕು, ಎದೆಯೊಳಗೆ ಒಣಮೆಣಸಿನಕಾಯಿ ಸುಟ್ಟಂತೆ ಘಾಟು ಏಳುತ್ತಿತ್ತು.

ಹೋಳಿ ಹುಣ್ಣಿಮೆಗೆ ಹೋಳಿಗೆ ಮಾಡಿದಾಗ ಒಂದು ಡಬ್ಬಿಯಲ್ಲಿಟ್ಟು, ಕಾಶವ್ವನ ಮನೆಗೆ ಕೊಟ್ಟು ಬರ್ರಿ ಎಂದು ಗಂಡನನ್ನು ಕಳಿಸಿದೆ. ಬಾವಿ ಸುತ್ತಿ ಹೋಗಿ ಬರಲು ಎಷ್ಟು ಹೊತ್ತು? ಅವನು ಬರಲೇ ಇಲ್ಲ. ನಾನು ಉಂಡು, ಪಾತ್ರೆ ತೊಳೆದು, ಕಸ ಹೊಡೆದ ಮೇಲೆ ಬಂದ. ಹುಬ್ಬಿನ ಮೇಲೆ ಯಾವಾಗಲೂ ಇರುತ್ತಿದ್ದ ಹಿಟ್ಟು ಬೆವರಿಗೆ ಕಲಸಿ ಕಣಕವಾಗಿತ್ತು.

“ಬಾವಿ ದಾಟಿದ ಮ್ಯಾಲೆ ಒಂದು ಬಯಲು ಬಂದೈತಿ,” ಎಂದ. “ಜಾಲಿ ಕಂಟಿ, ಕಲ್ಲು. ಮೊದಲ ಇದ್ದಿದ್ದಿಲ್ಲ.”

ನಾನು ಒಲೆಯ ಕಡೆ ತಿರುಗಿದೆ.

“ನೀಲಾ, ನೀವು ಅಕ್ಕತಂಗೇರು ಏನರ ಮಾತಿಗೆ ಮಾತು ಬೆಳಸೀರೇನು?”

“ಏನೂ ಇಲ್ಲ. ಆಕಿನ್ನ ಕೇಳ್ರಿ,” ಎಂದೆ.

ಅವನು ಹುಬ್ಬಿನ ಕಣಕ ತೊಳೆಯಲು ಬಚ್ಚಲಿಗೆ ಹೋದ. ಬಯಲು ಬೆಳೆಯುತ್ತ ಹೋಯಿತು. ಕಾಶವ್ವ ಒಂದು ಹಾಡಿಗೆ ಹೋದ ಸುದ್ದಿ ಬಂದರೆ ಮರುದಿನ ಹಿತ್ತಲಿನಿಂದ ನೋಡುವಾಗ ಅವಳ ಮನೆಯ ಸೂರು ಇನ್ನಷ್ಟು ಸಣ್ಣದಾಗಿ ಕಾಣುತ್ತಿತ್ತು. ಬರಬರುತ್ತ ಕಾಣದೇ ಹೋಯಿತು. ಅವಳು ಬಾವಿಯ ಆಚೆಯಿಂದ ಕೂಗಿ ಉಪ್ಪು ಕೇಳುವುದು ನಿಂತಿತು. ಕೂಗಿದ್ದರೂ ಕೇಳಿಸುವಂತಿರಲಿಲ್ಲ.

ಒಂದು ದಿನ ನಾನು ಲೈಸೆನ್ಸಿನ ಕಚೇರಿಗೆ ಹೋದೆ. ಹಂಪಣ್ಣ ಸಾಹೇಬರು ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದರು. ನಡೆದು ನಡೆದು ಅವರ ಹಿಮ್ಮಡಿಗಳು ಒಡೆದಿದ್ದವು.

“ಸಾಹೇಬ್ರ, ಲೈಸೆನ್ಸ್ ಇಲ್ಲದ ಒಬ್ಬಾಕಿ ಊರೆಲ್ಲ ಮೋಟಾರು ಓಡಸಾಕತ್ತಾಳ. ನೀವು ಸುಮ್ಮನ ಕುಂತೀರಲ್ಲ?”

“ಯಾವ ಮೋಟಾರವ್ವಾ?”

“ಸೈಕಲ್ಲಿಗೆ ಎಂಜಿನ್ ಹಾಕಿಸ್ಯಾಳ್ರಿ.”

“ಪೆಡಲ್ ತುಳದ್ರ ಹೋಗತೈತೇನು?”

“ಹೋಗತೈತ್ರಿ.”

“ಹಂಗಂದ್ರ ಅದು ಸೈಕಲ್ಲವ್ವಾ. ಸೈಕಲ್ಲಿಗೆ ಲೈಸೆನ್ಸ್ ಎಲ್ಲಿಂದು?”

“ಎಂಜಿನ್ ಐತಲ್ಲರೀ!”

“ನಮ್ಮ ಪುಸ್ತಕದಾಗ ಪೆಡಲ್ ಇದ್ದದ್ದು ಸೈಕಲ್ಲು.” ಅವರು ಕನ್ನಡಕ ಏರಿಸಿ ನನ್ನನ್ನು ದಿಟ್ಟಿಸಿದರು. “ಆಕಿ ನಿನಗ ಏನಾಗಬೇಕು?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ತಂಗಿ,” ಎಂದೆ.

“ತಂಗಿ ಮನಿ ಎಲ್ಲಿ? ನೀ ಲೈಸೆನ್ಸ್ ತಗೊಂಡಾಗ ಬಾವಿ ಆಚೆ ಇತ್ತಲ್ಲ, ಅದ ಹೌದಲ್ಲೋ?” ಸಾಹೇಬರು ಮೆಲ್ಲಗೆ ಕಾಲನ್ನು ಸ್ಟೂಲಿನಿಂದ ಇಳಿಸಿದರು. “ಲೈಸೆನ್ಸ್ ಇದ್ದವರ ದಾರಿ ಆಗಾಗ ಮತ್ತ ನೋಡಬೇಕಾಗತೈತಿ. ನಿಮ್ಮ ಓಣಿ ಕಡೆ ಬರಾವನ ಇದ್ದೆ. ಶಂಕ್ರವ್ವನ ಮಗಳ ಮದುವಿ ಮುಗೀಲಿ, ಬರತೇನಿ.”

ಕಚೇರಿಯಿಂದ ಮನೆಗೆ ಹೇಗೆ ಬಂದೆನೋ ನೆನಪಿಲ್ಲ. ಅವಳ ಗಾಡಿ ನಿಲ್ಲಿಸಲು ಹೋಗಿ ನನ್ನ ಲೈಸೆನ್ಸಿಗೇ ಕುತ್ತು ತಂದುಕೊಂಡಿದ್ದೆ. ಅದಕ್ಕೂ ಅವಳ ಮೇಲೆಯೇ ಸಿಟ್ಟು ಬಂತು.

ಮರುದಿನವೇ ಶಂಕ್ರವ್ವ ಕುಂಕುಮದ ಬಟ್ಟಲು ಹಿಡಿದು ಕರೆಯಲು ಬಂದಳು. “ನೀಲಕ್ಕಾ, ಸುರಗಿಗೆ ನೀವಿಬ್ಬರೂ ಕೂಡೇ ಬರಬೇಕು. ಒಬ್ಬೊಬ್ಬರ ಹಾಡು ನನಗ ಬ್ಯಾಡ. ನಿಮ್ಮ ತಂಗಿಗೆ ನೀವ ಹೇಳಿಬಿಡ್ರಿ. ನಮ್ಮನಿಯಿಂದ ಆಕಿ ಮನಿಗೆ ಹೋಗೂದು ಈ ಮೊಣಕಾಲಿಗೆ ಆಗೂದಿಲ್ಲ,” ಎಂದಳು. ನಾನು ಹೂಂ ಎಂದೆ. ಹೇಳಿ ಕಳಿಸಲಿಲ್ಲ. ಇವತ್ತು, ನಾಳೆ ಅನ್ನುತ್ತ ಸುರಗಿಯ ದಿನ ಬಂದುಬಿಟ್ಟಿತು.

ಬೆಳಿಗ್ಗೆ ಎದ್ದು ಮಿಂದು, ಇಲಕಲ್ ಸೀರೆ ಉಟ್ಟು, ಹಿತ್ತಲ ಬಾಗಿಲಿನಲ್ಲಿ ನಿಂತೆ. ಹೋಗಿ ನಾಲ್ಕು ಒಳ್ಳೆಯ ಮಾತಾಡಿದರೆ ದಾರಿ ಕುಗ್ಗೀತು, ಸಾಹೇಬರು ಬರುವುದರೊಳಗೆ ಬಾವಿಯೊಂದೇ ಉಳಿದೀತು ಎಂದು ಲೆಕ್ಕ ಹಾಕಿದೆ. ಪ್ರೀತಿಯಿಂದ ಹೊರಟೆ ಎಂದು ಹೇಳಲಾರೆ.

ಬಾವಿ ದಾಟಿದೆ. ಬಯಲು ಶುರುವಾಯಿತು. ನಡೆದೆ, ನಡೆದೆ. ಜಾಲಿಯ ಮುಳ್ಳು ಸೀರೆಯ ಅಂಚು ಹಿಡಿದೆಳೆಯುತ್ತಿತ್ತು. ನೆರಳಿಗೊಂದು ಮರವಿಲ್ಲ. ತಿರುಗಿ ನೋಡಿದರೆ ನನ್ನ ಮನೆ ಕಾಣುತ್ತಿರಲಿಲ್ಲ, ಮುಂದೆ ನೋಡಿದರೆ ಅವಳದೂ ಇಲ್ಲ. ಇಷ್ಟೆಲ್ಲ ನನ್ನೊಬ್ಬಳ ಹೊಟ್ಟೆಯೊಳಗಿನಿಂದ ಬಂದದ್ದೇ ಅನ್ನಿಸಿ, ಆ ಬಿಸಿಲಲ್ಲೂ ಮೈ ತಣ್ಣಗಾಯಿತು. ಒಬ್ಬ ಹೆಣ್ಣುಮಗಳೊಳಗೆ ಇಷ್ಟು ಜಾಗ ಎಲ್ಲಿ ಇತ್ತು? ಅಳು ಬಂತು. ಅಳುತ್ತಲೇ ನಡೆದೆ.

ಒಂದು ದಿಬ್ಬ ಏರಿ ಇಳಿದಾಗ ಕಂಡದ್ದು ಕಾಶವ್ವ. ಅವಳೂ ಇಲಕಲ್ ಸೀರೆ ಉಟ್ಟಿದ್ದಳು. ಸೈಕಲ್ಲನ್ನು ಜಾಲಿ ಕಂಟಿಗೆ ಆನಿಸಿ, ನೆಲಕ್ಕೆ ಕೂತು, ಕಳಚಿದ ಚೈನಿನ ಜೊತೆ ಗುದ್ದಾಡುತ್ತಿದ್ದಳು. ನನ್ನನ್ನು ನೋಡಿ ಎಣ್ಣೆಗಪ್ಪು ಕೈಯಿಂದಲೇ ಹಣೆ ಒರೆಸಿಕೊಂಡಳು.

“ನೀ ಯಾಕ ಬಂದೀ ಈ ಬಿಸಲಾಗ?”

“ನಿನ್ನ ಕರಿಯಾಕ. ನೀ?”

“ನಿನ್ನ ಕರಿಯಾಕ. ಶಂಕ್ರವ್ವ ಕೂಡೇ ಬರ್ರಿ ಅಂದಾಳಂತ, ದಾವಲಸಾಬ ಹೇಳಿದ.” ಅವಳು ಮತ್ತೆ ಚೈನಿಗೆ ಕೈ ಹಾಕಿದಳು. “ಭಾಳ ಸಲ ಇಲ್ಲೀತನಾ ಬಂದೇನಿ. ಹೊಳ್ಳಿ ಹೋಗತಿದ್ದೆ. ಪೆಟ್ರೋಲ್ ಸಾಲತಿದ್ದಿಲ್ಲ.” ಕೈಯ ಎಣ್ಣೆಯನ್ನು ಮಣ್ಣಿಗೆ ತಿಕ್ಕಿ ಅಂದಳು, “ಪೆಟ್ರೋಲ್ ಅಂತೇನಿ. ಖರೇ ಅಂದ್ರ ಧೈರ್ಯ ಸಾಲತಿದ್ದಿಲ್ಲ.”

ಊರಿಗೇ ಅಂಜದ ನನ್ನ ತಂಗಿ ನನಗೆ ಅಂಜಿದ್ದಳು.  ಅವಳ ಪಕ್ಕದಲ್ಲೇ ಧೂಳಲ್ಲಿ ಕೂತೆ.

“ಕಾಶೀ, ಈ ದಾರಿ ನೋಡು. ಇದನ್ನೆಲ್ಲ ನಾನ ಬೆಳಸೇನಿ. ನೀ ಫಟಫಟಿ ತಂದ ದಿನದಿಂದ ನನ್ನ ಹೊಟ್ಟಿ ಉರಿಯಾಕತ್ತೈತಿ. ಕಚೇರಿಗೂ ಹೋಗಿ ನಿನ್ನ ಮ್ಯಾಲೆ ಹೇಳಿ ಬಂದೆ.”

“ಗೊತ್ತೈತಿ. ಸಾಹೇಬ್ರು ದಾವಲಸಾಬನ ಮುಂದ ಹೇಳ್ಯಾರ.” ಅವಳು ತಲೆ ಎತ್ತಲಿಲ್ಲ. “ಆದ್ರ ಎಲ್ಲಾ ನಿಂದ ಅಂತ ತಿಳಕೋಬ್ಯಾಡ. ಅರ್ಧ ನಂದೈತಿ.”

“ನಿಂದೇನು? ನಿನಗ ಏನು ಕಡಿಮಿ ಆಗಿತ್ತು?”

“ಏನು ಕಡಿಮಿ ಆಗಿತ್ತಾ?” ಈಗ ಅವಳು ತಲೆ ಎತ್ತಿದಳು. ಕಣ್ಣು ಕೆಂಪಾಗಿದ್ದವು. “ಹಾಡಾಕ ಹೋದ ಮನ್ಯಾಗೆಲ್ಲ ಒಂದ ಮಾತು. ನೀಲಕ್ಕ ಯಾಕ ಬರಲಿಲ್ಲ, ನೀಲಕ್ಕನ ದನಿ ಇಲ್ಲದ ಸುರಗಿ ಸಪ್ಪಗ. ಎಷ್ಟು ದೂರ ಹೋಗಿ ಹಾಡಿದ್ರೂ ಇದ. ನಿನಗ ಲೈಸೆನ್ಸ್ ಬಂದಾಗ ಅವ್ವ ಸಕ್ಕರಿ ಹಂಚಿದ್ಲು. ನಾ ಗಾಡಿ ತಂದು ಆಕಿ ಬಾಗಲಾಗ ನಿಲ್ಲಿಸಿದ್ರ, ‘ಆ ಸಪ್ಪಳ ಬಂದ್ ಮಾಡು’ ಅಂದ್ಲು. ಅಷ್ಟ. ಮೊದಲ ಯಾರಿಗೆ ತೋರಸಾಕ ಬಂದಿದ್ದೆ ಹೇಳು? ನಿನಗ. ನೀ ಹತ್ತಲಿಲ್ಲ.”

ಅವಳು ಹೇಳಿದ್ದು ಕೇಳಿ ನನಗೆ ಮರುಕವಾಗಬೇಕಿತ್ತು. ಆಯಿತು ಕೂಡ. ಅದಕ್ಕಿಂತ ಮೊದಲು ಒಂದು ಸಂತೋಷ ಬಂತು: ಎಲ್ಲರೂ ನನ್ನನ್ನೇ ಕೇಳುತ್ತಿದ್ದರಲ್ಲ! ಆ ಸಂತೋಷ ನನ್ನ ಮುಖದಲ್ಲಿ ಕಂಡಿರಬೇಕು. ಕಾಶವ್ವ ಮೂಗು ಸೇದಿ ನಕ್ಕಳು. “ನೋಡು, ಹೆಂಗ ಅರಳಿತು,” ಎಂದಳು. ನನಗೂ ನಗು ಬಂತು. ನಾನು ಹಿಂದಿನ ಗಾಲಿ ಎತ್ತಿ ಹಿಡಿದೆ. ಅವಳು ಚೈನು ಕೂರಿಸಿದಳು. ಎಂಜಿನ್ ಕೆಮ್ಮಿ ಕೆಮ್ಮಿ ಹೊತ್ತಿಕೊಂಡಿತು.

ಅವತ್ತು ಮೊದಲ ಸಲ ಅವಳ ಹಿಂದೆ ಕೂತೆ. ಗಾಳಿ ಸೆರಗನ್ನು ಎಳೆದುಕೊಂಡು ಹೋಗುವ ಹಾಗೆ ಬೀಸುತ್ತಿತ್ತು. ಕಲ್ಲು ಬಂದಲ್ಲೆಲ್ಲ ಅವಳ ಸೊಂಟ ಗಟ್ಟಿಯಾಗಿ ಹಿಡಿದುಕೊಂಡೆ. ಇಷ್ಟು ದಿನ ಇದನ್ನು ಕಳೆದುಕೊಂಡೆನಲ್ಲ ಎಂದು ಮತ್ತೊಂದು ಬಗೆಯ ಹೊಟ್ಟೆಕಿಚ್ಚಾಯಿತು. ನನ್ನ ಬಾವಿಯಲ್ಲಿ ಕೈಕಾಲು ತೊಳೆದು, ನನ್ನ ಹೊಸ್ತಿಲಿನಿಂದ ಫಟಫಟಿಯಲ್ಲೇ ಶಂಕ್ರವ್ವನ ಮನೆಗೆ ಹೋದೆವು.

ಸುರಗಿಗೆ ನೂಲು ಸುತ್ತಿ, ಮದುಮಕ್ಕಳನ್ನು ನಡುವೆ ಕೂರಿಸಿ, ಹೆಂಗಸರು ನಮ್ಮ ದಾರಿಯನ್ನೇ ಕಾಯುತ್ತಿದ್ದರು. ನಾನು ನುಡಿ ಎತ್ತಿದೆ. ಕಾಶವ್ವ ಸೊಲ್ಲು ಹಿಡಿದಳು. ಬಹಳ ದಿನ ಒಬ್ಬಳೇ ಹಾಡಿದ್ದರಿಂದ ಅವಳ ದನಿ ಮೊದಲಿಗಿಂತ ಬಲಿತಿತ್ತು. ನಾನು ಉಸಿರು ತೆಗೆದುಕೊಳ್ಳುವಲ್ಲಿ ಅವಳು ತುಂಬಿಕೊಂಡಳು. ಅವಳು ಜಾರುವಲ್ಲಿ ನಾನು ಹಿಡಿದೆ. ಮದುಮಗಳ ತಲೆಯ ಮೇಲೆ ನೀರು ಬೀಳುವಾಗ ಶಂಕ್ರವ್ವ ಬಿಕ್ಕಿ ಬಿಕ್ಕಿ ಅತ್ತಳು. ಹಾಡುತ್ತಿದ್ದ ಅಷ್ಟು ಹೊತ್ತು ನನ್ನೊಳಗೆ ಏನೂ ಉರಿಯಲಿಲ್ಲ.

ಲೈಸೆನ್ಸು ಆಮೇಲೆ ಹೋಯಿತು, ಅದನ್ನೂ ಹೇಳಿಬಿಡುತ್ತೇನೆ. ಮದುವೆ ಮುಗಿದ ವಾರದಲ್ಲೇ ಸಾಹೇಬರು ಬಂದು, ಕೊಡೆ ಹಿಡಿದು ಬಾವಿ ದಾಟಿ ಹೋದರು. ತಿರುಗಿ ಬಂದಾಗ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಲೈಸೆನ್ಸಿಗೆ ಕೈ ಚಾಚಿದರು. ನಾನು ಜಗಲಿಯಿಂದ ಕಟ್ಟು ಇಳಿಸಿ ಕೊಟ್ಟೆ. ನೀರು ಬೇಕೇನ್ರಿ ಎಂದು ಕೇಳಿದೆ, ಎರಡು ತಂಬಿಗೆ ಕುಡಿದರು.

ದಾರಿ ಯಾಕೆ ಕುಗ್ಗಲಿಲ್ಲವೆಂದರೆ, ಸುರಗಿಯ ದಿನವೇ ಹೀಗಾಯಿತು. ಊಟವಾದ ಮೇಲೆ ಹೆಂಗಸರೆಲ್ಲ ಹೊರಗೆ ಬಂದು ಫಟಫಟಿಯ ಸುತ್ತ ನೆರೆದರು. ಒಬ್ಬಳು ಹಾರ್ನು ಒತ್ತಿದಳು, ಒಬ್ಬಳು ಸೀಟು ಸವರಿದಳು. ಶಂಕ್ರವ್ವ ಕಾಶವ್ವನ ಗದ್ದ ಹಿಡಿದು, “ಏನ ಅನ್ರಿ, ಈಕಿ ಇರಲಿಲ್ಲಂದ್ರ ನೀಲಕ್ಕ ಇವತ್ತ ಬರತಿದ್ದಿಲ್ಲ. ಗಂಡಸಿಗಿಂತ ಗಟ್ಟಿ ನಮ್ಮ ಕಾಶವ್ವ,” ಎಂದು ದೃಷ್ಟಿ ತೆಗೆದಳು. ಮನೆಯ ಮುಂದೆ ನಿಂತು ಬೈಸಿಕೊಂಡ ಶಂಕ್ರವ್ವ! ಕೊಪ್ಪರಿಗೆ ನುಂಗಿಕೊಂಡವಳು ನಾನು. ನಾನು ಉಡಿ ತುಂಬಿಸಿಕೊಂಡು ಕಂಬದ ಹತ್ತಿರ ನಿಂತಿದ್ದೆ. ಎದೆಯಲ್ಲಿ ಮೆಣಸಿನಕಾಯಿ ಮತ್ತೆ ಬಿತ್ತು.

ಮಜ್ಜಿಗೆ ಕುಡಿದು ಹೋಗು ಎಂದು ಕಾಶವ್ವ ಎಳೆದಳು, ಅಲ್ಲಿಂದ ಮೊದಲು ಅವಳ ಮನೆಗೆ ಹೋದೆವು. ಅವಳು ಉಡಿಯಕ್ಕಿ, ತೆಂಗಿನಕಾಯಿ ಇಳಿಸಿಟ್ಟು, ನನಗೆ ಮಜ್ಜಿಗೆ ಕೊಟ್ಟು, “ನಡಿ, ಮನಿಗೆ ಬಿಟ್ಟು ಬರತೇನಿ,” ಎಂದಳು. ಹೊತ್ತು ಇಳಿಯುತ್ತಿತ್ತು. ಬಯಲಿಗೆ ಬಿದ್ದೆವು. ಬೆಳಿಗ್ಗೆ ಚೈನು ಕಳಚಿದ್ದ ಜಾಗ ದಾಟಿದೆವು. ಬಾವಿ ಇನ್ನೇನು ಕಾಣಬೇಕು ಅನ್ನುವಷ್ಟು ದೂರ ಹೋದ ಮೇಲೂ ಬಯಲು ಮುಂದೆ ಮುಂದೆ ಹಾಸಿಕೊಳ್ಳುತ್ತಲೇ ಇತ್ತು.  ಅವಳು ಒಂದು ಕೈಯಿಂದ ಡಬ್ಬಿ ಅಲುಗಿಸಿ ನೋಡಿದಳು.

“ಅಕ್ಕಾ, ಪೆಟ್ರೋಲ್ ಸಾಲೂದಿಲ್ಲ. ಏನರ ಚಲೋದು ನೆನಸು.”

ನಾನು ಕಣ್ಣು ಮುಚ್ಚಿ ನೆನೆಯಲು ನೋಡಿದೆ. ಅವಳ ಗದ್ದ ಹಿಡಿದಿದ್ದ ಶಂಕ್ರವ್ವನ ಕೈಯೇ ಕಣ್ಣ ಮುಂದೆ ಬಂತು.

“ಏನೂ ನೆನಪಾಗವಲ್ದು. ನೀನ ಏನರ ನೆನಸು,” ಎಂದೆ.

“ನಾ ಆವಾಗಿಂದ ಅದನ್ನ ಮಾಡಾಕತ್ತೇನಿ,” ಎಂದಳು ಕಾಶವ್ವ. “ಅದಕ್ಕ ಇಷ್ಟಕ್ಕ ನಿಂತೈತಿ.”

ಎಂಜಿನ್ ಎರಡು ಸಲ ಬಿಕ್ಕಳಿಸಿ ನಿಂತಿತು. ಅವಳು ಪೆಡಲ್ ತುಳಿಯತೊಡಗಿದಳು. ನಾನು ಇಳಿದು, ಸೆರಗು ಬಿಗಿದು, ಹಿಂದಿನಿಂದ ತಳ್ಳಿದೆ.